ನಿಂತವರ ಬಿಲ್ಲೆ

ಬೆಳಿಗ್ಗೆ ಆರೂಕಾಲಿಗೆ ಬಾರಿನ ಬಾಗಿಲು ತಳ್ಳಿಕೊಂಡು ಹೆಂಡತಿ ಒಳಗೆ ಬಂದದ್ದನ್ನು ಕಂಡು ದ್ವಾರಕಾನಾಥ ಕುರ್ಚಿಯಿಂದ ಎದ್ದುಬಿಟ್ಟ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಶ್ರೀವಿದ್ಯಾ ಇತ್ತ ತಲೆ ಹಾಕಿದವಳಲ್ಲ. ಇವತ್ತು ರೇಷ್ಮೆ ಸೀರೆಯ ಮೇಲೆ ಜಾಕೆಟ್ ಹಾಕಿಕೊಂಡು ಸುಮುಖನ ಹಿಂದೆ ನಗುನಗುತ್ತ ಬರುತ್ತಿದ್ದಳು.

"ಸರ್ಪ್ರೈಸ್, ಸರ್! ಮೇಡಂ ಕೈಲೇ ಬಿಲ್ಲೆ ಹಾಕಿಸ್ಬೇಕು ಅಂತ ಲಿನ್‌ವುಡ್‌ನ ನಿಮ್ಮನೆಗೇ ಹೋಗಿ ಪಿಕಪ್ ಮಾಡ್ಕೊಂಡು ಬಂದೆ," ಎಂದ ಸುಮುಖ್. ಅಭಿಮಾನಿ ಸಂಘದ ಈ ವರ್ಷದ ಅಧ್ಯಕ್ಷ. ಪಾಪ, ಅವನಿಗೇನು ಗೊತ್ತು.

ಗ್ರೂಬೆನ್‌ಹೈಮ್ ಜರ್ಮನಿಯ ಒಂದು ಕಲ್ಲಿದ್ದಲು ಗಣಿಯ ಊರು. ಆ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅಮೆರಿಕದ ಸಿಯಾಟಲ್‌ನ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಬಡಾವಣೆಯ ಈ ಬಾರಿನಲ್ಲಿ ಮೂವತ್ತು ಜನ ಭಕ್ತರು. ಅಲ್ಲಿ ಮಧ್ಯಾಹ್ನದ ಆಟವೆಂದರೆ ಇಲ್ಲಿ ಬೆಳಗಿನ ಆರೂವರೆ. ಗೆದ್ದ ಕಪ್ಪುಗಳ ಮಾತನ್ನು ಇವರು ಅಷ್ಟಾಗಿ ಎತ್ತುವುದಿಲ್ಲ. ಎತ್ತುವುದು ಸೋತ ದಿನದ ಮಾತನ್ನು. 2003ರ ಮೇ ಇಪ್ಪತ್ನಾಲ್ಕರಂದು, ಸುರಿವ ಮಳೆಯಲ್ಲಿ, ಕೊನೆಯ ನಿಮಿಷದ ಗೋಲಿಗೆ ಕ್ಲಬ್ಬು ಕೆಳಗಿನ ದರ್ಜೆಗೆ ಬಿತ್ತು. ಗ್ಯಾಲರಿಯಲ್ಲಿದ್ದವರು ಒಂದು ಗಂಟೆ ಕದಲದೆ ನಿಂತು ಹಾಡಿದರು. ಅವರನ್ನು 'ನಿಂತವರು' ಎನ್ನುತ್ತಾರೆ. ಭೂಮಿಯ ಮೇಲೆ ಎಲ್ಲೇ ಅಭಿಮಾನಿಗಳು ಸೇರಲಿ, ಕ್ಲಬ್ಬಿನ ಹಾಡಿನ ಮೊದಲ ಸಾಲು ಎತ್ತುವ ಹಕ್ಕು ಅವರದ್ದೇ.

ಸಿಯಾಟಲ್‌ನಲ್ಲಿ ಅಂಥ ನಿಂತವನೆಂದರೆ ದ್ವಾರಕಾನಾಥ ಒಬ್ಬನೇ. ಗ್ರೂಬೆನ್‌ಹೈಮ್‌ನಲ್ಲೇ ಹುಟ್ಟಿದ ಮುದುಕ ಹೊರ್ಸ್ಟ್ ಕೂಡ ಅಂದು ಅಮೆರಿಕದಲ್ಲಿದ್ದ. ಅದಕ್ಕೇ ಪ್ರತಿ ಶನಿವಾರ ತನ್ನ ಕುರ್ಚಿಯನ್ನು ಇವನಿಗೆ ಬಿಟ್ಟುಕೊಡುತ್ತಿದ್ದ. ಆಫೀಸಿನವರು ಮೀಟಿಂಗಿಗೆ ಕರೆಯಲೂ ಮರೆಯುವ ಮನುಷ್ಯನಿಗೆ ಇಲ್ಲಿ ಅಂಥ ಮರ್ಯಾದೆ. ಈಗ ಜರ್ಮನಿಯಿಂದ ತವರದ ಬಿಲ್ಲೆಯೂ ಬಂದಿತ್ತು, ಮೇಲೆ ಆ ತಾರೀಕು ಕೊರೆದದ್ದು.

ಆಗ ಅವನ ಕೆಲಸ ಗ್ರೂಬೆನ್‌ಹೈಮ್‌ನಲ್ಲೇ ಇತ್ತು. ಅದೇ ತಾರೀಕು ಅದೇ ಊರಿನ ಆಸ್ಪತ್ರೆಯಲ್ಲಿ, ಭಾಷೆ ಬಾರದೆ, ಒಬ್ಬಳೇ, ಶ್ರೀವಿದ್ಯಾ ಹೊಟ್ಟೆಯಲ್ಲಿದ್ದ ಏಳು ತಿಂಗಳ ಕೂಸನ್ನು ಕಳೆದುಕೊಂಡಿದ್ದಳು. ಮತ್ತೆ ಮತ್ತೆ ಫೋನ್ ಮಾಡಿದ್ದಳು. ಸಂಜೆ ತೊಯ್ದು ಬಂದವನು, ಆಫೀಸಿನಲ್ಲಿ ಸರ್ವರ್ ಕೆಟ್ಟಿತ್ತು, ಫೋನ್ ಒಳಗೆ ಬಿಡುವುದಿಲ್ಲ ಎಂದಿದ್ದ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ದಿನ ಅವಳು ಒಲೆ ಹಚ್ಚುವುದಿಲ್ಲ. ಎದುರಿಗೆ ಕೂತು ಹಸಿದ ಹೊಟ್ಟೆಯಲ್ಲಿ ಇವನೂ ಕಣ್ಣೀರು ಹಾಕುತ್ತಾನೆ.

"ವಿದ್ಯಾ, ಯಾಕೋ ತಲೆ ಸುತ್ತುತಿದೆ ಕಣೆ. ಮನೆಗೆ ಹೋಗೋಣ ನಡಿ."

"ಅಯ್ಯೋ, ಇಷ್ಟು ದೂರ ಬಂದಿದೀನಿ. ಸನ್ಮಾನ ನೋಡ್ದೆ ಹೋಗೋದಾ?"

ಹೊರ್ಸ್ಟ್ ಕಣ್ಣು ಒರೆಸಿಕೊಂಡು ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟ. ಕಪ್ಪು-ಹಸಿರು ಸ್ಕಾರ್ಫಿನ ಮೂವತ್ತು ಜನ ಎದ್ದು ನಿಂತರು. ಶ್ರೀವಿದ್ಯಾ ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಆಮೇಲೆ ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು. ಎಲ್ಲೋ ತಪ್ಪಾಗಿದೆ, ಅಂದು ಇವರು ಯಾವ ಆಟಕ್ಕೂ ಹೋಗಿರಲಿಲ್ಲ. ಆಫೀಸಿನಲ್ಲಿದ್ದರು, ಸರ್ವರ್ ಕೆಟ್ಟಿತ್ತು. ಅಂದು ನಮ್ಮ ಮಗು ಹೋಯಿತು, ಅದಕ್ಕೂ ಇವರಿಗೆ ಬರಲಾಗಲಿಲ್ಲ. ಮಗು ಸಾಯುವಾಗ ಬರಲಾಗದವರು ಫುಟ್‌ಬಾಲ್ ನೋಡಲು ಹೋದಾರೆಯೇ?

ಬಳಿಕ ಗಂಡನ ಕಡೆ ತಿರುಗಿದಳು. "ಅಲ್ವೇನ್ರೀ? ನೀವೇ ತಾನೆ ಹೇಳಿದ್ದು?"

ದ್ವಾರಕಾನಾಥ ಹೊರ್ಸ್ಟ್‌ನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಅವಳ ಮುಖದಲ್ಲಿ ನಗುವೊಂದು ಬಿಟ್ಟರೆ ಏನೂ ಇರಲಿಲ್ಲ.

"ಹೌದು," ಎಂದ. "ಆಫೀಸಲ್ಲಿದ್ದೆ."

ಹೊರ್ಸ್ಟ್ ಬಿಲ್ಲೆಯನ್ನು ವಾಪಸು ತೆಗೆದುಕೊಂಡು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟ. ತನ್ನ ಕುರ್ಚಿಯನ್ನು ಎಳೆದುಕೊಂಡು ಕೂತ.

"ಹನ್ನೊಂದು ವರ್ಷ ಬುರುಡೆ ಬಿಟ್ರಲ್ಲ, ಸರ್," ಎಂದ ಸುಮುಖ್. "ಮಳೆ ಹೆಂಗಿತ್ತು ಅಂತೆಲ್ಲ ಹೇಳ್ತಿದ್ರಿ. ಥೂ. ಆ ಸ್ಕಾರ್ಫ್ ಬಿಚ್ಚಿಟ್ಟು ಹೋಗಿ."

ಬಿಚ್ಚಿಟ್ಟು ಬಂದ. ಕಾರಿನಲ್ಲಿ ಹೆಂಡತಿಯ ಪಕ್ಕ ಕೂತ. ಆದರೂ ಎದೆಯ ಮೂಲೆಯಲ್ಲಿ ಸಣ್ಣ ನೆಮ್ಮದಿ. ಮಾನ ಹೋದರೆ ಹೋಗಲಿ, ಇವಳಿಗೆ ತಿಳಿಯಲಿಲ್ಲವಲ್ಲ. ಎಂಥ ಮನುಷ್ಯನಪ್ಪಾ!

ಶ್ರೀವಿದ್ಯಾ ಪರ್ಸಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ಅವನ ತೊಡೆಯ ಮೇಲಿಟ್ಟಳು. ಒಳಗೆ ಅರ್ಧ ಹರಿದ ಟಿಕೆಟ್. ಶಾಯಿ ಮಾಸಿದ್ದರೂ ತಾರೀಕು ಚೆನ್ನಾಗಿಯೇ ಕಾಣುತ್ತಿತ್ತು.

"ನಿಮ್ಮ ಕೋಟಿನ ಒಳಜೇಬಲ್ಲಿತ್ತು. ಡಿಸ್ಚಾರ್ಜ್ ಆಗಿ ಬಂದ ದಿನ ಒಗೆಯೋಕೆ ತಗೊಂಡಾಗ ಸಿಕ್ತು."

ಅವನು ಕವರಿನಿಂದ ಟಿಕೆಟ್ ಹೊರಗೆಳೆದ. "ಅವತ್ತೇ... ಯಾಕೆ ಕೇಳ್ಲಿಲ್ಲ ನೀನು?"

"ಕೇಳಿದ್ರೆ ಕಾಲು ಹಿಡ್ಕೊಂಡು ಒಂದು ದಿನ ಅಳ್ತಿದ್ರಿ. ಅಷ್ಟಕ್ಕೇ ಮುಗಿದುಹೋಗ್ತಿತ್ತು." ಅವಳು ಸೀಟ್ ಬೆಲ್ಟ್ ಹಾಕಿಕೊಂಡಳು. "ಬೇಕಿದ್ರೆ ಒಳಗೆ ಹೋಗಿ ತೋರಿಸಿ. ನಿಂತಿದ್ದೆ ಅಂತ ಎಲ್ಲರ ಮುಂದೆ ಹೇಳಿ. ನಾನು ಕಾಯ್ತೀನಿ."

ದ್ವಾರಕಾನಾಥ ಒಂದು ಕೈಯಲ್ಲಿ ಟಿಕೆಟ್ ಹಿಡಿದು, ಇನ್ನೊಂದು ಕೈ ಬಾಗಿಲ ಹಿಡಿಯ ಮೇಲಿಟ್ಟು ಕೂತೇ ಇದ್ದ. ಗಂಟೆ ಆರೂವರೆಯಾಯಿತು. ಬಾರಿನೊಳಗೆ ಸುಮುಖ್ ಹಾಡಿನ ಮೊದಲ ಸಾಲನ್ನು ತಪ್ಪು ಶ್ರುತಿಯಲ್ಲಿ ಎತ್ತಿದ. ಉಳಿದವರು ದನಿಗೂಡಿಸಿದರು. ದ್ವಾರಕಾನಾಥನ ತುಟಿ ತಾನಾಗಿ ಅಲುಗತೊಡಗಿತು.

ಶ್ರೀವಿದ್ಯಾ ಕೈ ಚಾಚಿ ಕಿಟಕಿಯ ಗಾಜು ಏರಿಸಿದಳು.