ಅಕ್ಕ ಮಾಡಿಸಿದ ಲ್ಯಾಮಿನೇಷನ್

ರಾಯಭಾರ ಕಚೇರಿಯ ಬೆಂಚಿನಲ್ಲಿ, ಭುಜದ ಮೇಲೆ ಹೆಂಡತಿಯ ತಲೆ ಭಾರವಾಗುತ್ತಿದೆ, ಕೂದಲಲ್ಲಿ ಆಸ್ಪತ್ರೆಯ ಸಾಬೂನಿನ ವಾಸನೆ, ರಾತ್ರಿಪಾಳಿ ಮುಗಿಸಿ ನರ್ಸಿನ ಸಮವಸ್ತ್ರದ ಮೇಲೇ ಕೋಟು ಹಾಕಿಕೊಂಡು ಬಂದುಬಿಟ್ಟಿದ್ದಾಳೆ, ಮನೆಗೆ ಹೋಗಿ ಮಲಗು ಮಾರಾಯ್ತಿ ಎಂದರೆ ಕೇಳಲಿಲ್ಲ, ನಿನ್ನೊಬ್ಬನ್ನೇ ಕಳಿಸಿದ್ರೆ ಅವರು ಏನು ಹೇಳಿದ್ರೂ ಹೂಂ ಅಂದು ಬರ್ತೀಯ ಎಂದಳು — ನಿಜ, ಕಬ್ಬಿಣದ ಜೊತೆ ಜಗಳವಾಡಿ ಗೆಲ್ಲಬಲ್ಲ, ಕಾಗದದ ಮುಂದೆ ಕೈಕಟ್ಟಿ ನಿಲ್ಲುವವನು ಅವನು. ಭುಜ ಅಲುಗಿಸಬಾರದು, ಇಷ್ಟಾದರೂ ನಿದ್ದೆ ಮಾಡಲಿ. ಈ ದೇಶಕ್ಕೆ ಅವಳ ಬೆನ್ನಿಗೆ ಬಂದವನು, ಅವಳ ವೀಸಾದ ಬಾಲಂಗೋಚಿ, ದುಡಿಯುವ ಹಕ್ಕಿಲ್ಲ, ಅಡುಗೆಗೆ ಹಕ್ಕುಂಟು, ಅವಳ ಕಾಲುಚೀಲ ಒಗೆದು ಕಿಟಕಿಗೆ ನೇತುಹಾಕಲು ಹಕ್ಕುಂಟು, ಇನ್ನೊಬ್ಬಳ ಪಾಳಿಯನ್ನೂ ಮೈಮೇಲೆ ಎಳೆದುಕೊಂಡು ಬಂದು ಊಟದ ತಟ್ಟೆಯ ಮುಂದೆಯೇ ತೂಕಡಿಸುವ ಅವಳನ್ನು ನೋಡುತ್ತ ಕೂರಲು ಹಕ್ಕುಂಟು. ಈಗ ಹಡಗುಕಟ್ಟೆಯ ಮೇಸ್ತ್ರಿ ಅವನಿಂದ ಬೆಸುಗೆ ಹಾಕಿಸಿ ನೋಡಿ, ಆ ಗೆರೆಯ ಮೇಲೆ ಬೆರಳಾಡಿಸಿ, ಬಾ ಅಂದಿದ್ದಾನೆ, ಕೆಲಸದ ವೀಸಾ ಆಗಬೇಕಷ್ಟೆ, ಅದಕ್ಕೆ ತರಬೇತಿಯ ಸರ್ಟಿಫಿಕೇಟು, ಸರ್ಟಿಫಿಕೇಟಿನ ಬೆನ್ನಿಗೆ ನಮ್ಮ ರಾಯಭಾರ ಕಚೇರಿಯ ಠಸ್ಸೆ, ನಾಳೆ ಸಂಜೆಯೊಳಗೆ, ಇಲ್ಲವಾದರೆ ಆ ಕೆಲಸ ಹಿಂದೆ ನಿಂತವನಿಗೆ —

ಕಿಂಡಿಯ ಗುಮಾಸ್ತೆ ಕರೆದಳು, ಹೆಂಡತಿಯ ತಲೆಯನ್ನು ಗೋಡೆಗೆ ಒರಗಿಸಿ ಎದ್ದ, ಸರ್ಟಿಫಿಕೇಟು ಕೊಟ್ಟ. ತಿರುಗಿಸಿ ನೋಡಿದಳು, ಉಗುರಿನಿಂದ ತಟ್ಟಿದಳು, ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದೀರಲ್ಲ, ಪ್ಲಾಸ್ಟಿಕ್ ಮೇಲೆ ಠಸ್ಸೆ ನಿಲ್ಲಲ್ಲ, ಊರಿಂದ ಹೊಸ ಪ್ರತಿ ತರಿಸಿ. ಹೂಂ ಅಂದ. ಅಂದೇಬಿಟ್ಟನಲ್ಲ. ಅಕ್ಕ ಮಾಡಿಸಿದ್ದು, ಅವನನ್ನು ಸಾಕಿ ಬೆಳೆಸಿದ ಅಕ್ಕ, ಸರ್ಟಿಫಿಕೇಟು ಕೈಗೆ ಬಂದ ದಿನವೇ ಅಂಗಡಿಗೆ ಒಯ್ದು, ಇದ್ದುದರಲ್ಲೇ ದಪ್ಪದ್ದು ಹಾಕಪ್ಪಾ, ನೀರಿಗೆ ಬಿದ್ರೂ ಇದಕ್ಕೇನೂ ಆಗಬಾರದು ಅಂದು, ಬಿಸಿಬಿಸಿ ಹೊರಬಂದದ್ದನ್ನು ಎಳೆಗೂಸಿನ ಹಾಗೆ ಸೆರಗಿನಲ್ಲಿ ಹಿಡಿದು ತಂದವಳು — ಆ ಪ್ರೀತಿಯೇ ಅಡ್ಡ ಬಂತೆಂದು ಯಾರ ಮುಂದೆ ಹೇಳುವುದು, ಹೊಸ ಪ್ರತಿಗೆ ತಿಂಗಳುಗಟ್ಟಲೆ, ಮತ್ತೆ ಆ ಕಾಲುಚೀಲ, ಆ ತಟ್ಟೆ — ಬೆನ್ನ ಹಿಂದೆ ಹೆಂಡತಿಯ ದನಿ, ನಿದ್ದೆ ಇನ್ನೂ ಅಂಟಿಕೊಂಡಿದ್ದ ದನಿ, ಮೇಡಂ, ಇದನ್ನ ಬಿಡಿಸಿ ತಂದ್ರೆ ಹಾಕ್ತೀರಾ. ಹರಿದ್ರೆ ನನ್ನ ಕೇಳಬೇಡಿ, ಗುಮಾಸ್ತೆ ಅಂದಳು, ಊಟಕ್ಕೆ ಕಿಂಡಿ ಮುಚ್ಚೋದ್ರೊಳಗೆ ತನ್ನಿ.

ಕೈ ತೊಳೆಯುವ ಜಾಗದಲ್ಲಿ ಬಿಸಿಗಾಳಿಯ ಯಂತ್ರ, ಕೈ ಒಡ್ಡಿದರೆ ಊದುತ್ತದೆ, ತೆಗೆದರೆ ಮುನಿಸಿಕೊಳ್ಳುತ್ತದೆ, ನೀನು ಕೈ ತೆಗೀಬೇಡ ಅಷ್ಟೇ ಎಂದು ಹೆಂಡತಿ ಕಿಸೆಯ ಕತ್ತರಿಯಿಂದ ಅಂಚು ಸೀಳಿ, ಉಗುರು ತೂರಿಸಿ, ಬಿಸಿಯಾದಷ್ಟೇ ಎತ್ತಿ, ಮತ್ತೆ ಬಿಸಿ ಮಾಡಿ ಮತ್ತಷ್ಟು ಎತ್ತಿ — ಸುಟ್ಟಗಾಯದ ವಾರ್ಡಿನವಳು, ಚರ್ಮ ಕಿತ್ತು ಬರದ ಹಾಗೆ ಪಟ್ಟಿ ಬಿಡಿಸಿ ಬಿಡಿಸಿ ಪಳಗಿದ ಬೆರಳು, ರೂಢಿಯ ಮೇಲೆ ಕಾಗದಕ್ಕೂ ಹೇಳುತ್ತಾಳೆ, ಸ್ವಲ್ಪ ಉರಿಯುತ್ತೆ, ತಡ್ಕೊಳ್ಳಿ, ಆಗೋಯ್ತು. ಅವನಿಗೆ ನಗು ಬಂದು ಕಣ್ಣಲ್ಲಿ ನೀರಾಯಿತು. ಹೆಸರು ಉಳಿಯಿತು, ಪ್ರಾಂಶುಪಾಲರ ಸಹಿ ಉಳಿಯಿತು, ಮೂಲೆಯ ಫೋಟೋಕ್ಕೆ ಬಂದಾಗ ಇಬ್ಬರೂ ಉಸಿರು ಹಿಡಿದರು, ಆಗಲೇ ಯಂತ್ರವೂ ನಿಂತಿತು, ಚರ್ ಅಂತ ಒಂದು ಸದ್ದು, ಅಯ್ಯೋ, ಎಡಗಿವಿ ಹೋಯ್ತಲ್ಲೋ ಎಂದಳು. ಗುಮಾಸ್ತೆ ಫೋಟೋ ನೋಡಿ, ಅವನನ್ನು ನೋಡಿ, ಅವಳ ಕೆಂಪಾದ ಬೆರಳ ತುದಿಗಳನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಮೂಗು ಬಾಯಿ ನೆಟ್ಟಗಿದೆಯಲ್ಲ ಬಿಡಿ ಎಂದು ಕಾಗದ ಬೋರಲು ಹಾಕಿ ಠಸ್ಸೆ ಒತ್ತಿದಳು, ಮೇಜು ಅದುರಿತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವಳು, ಪ್ಲಾಸ್ಟಿಕ್ ಹಾಳೆ ಎಸೆದಿಲ್ಲ, ಬೆಳಕಿಗೆ ಹಿಡಿದಿದ್ದಾಳೆ, ಖಾಲಿ ಹಾಳೆಯ ಮೂಲೆಯಲ್ಲಿ ಕಿವಿ, ಹತ್ತೊಂಬತ್ತರ ಹುಡುಗನದ್ದು — ತರಬೇತಿಗೆ ಹೋಗೋದೇ ಇಲ್ಲ ಎಂದು ಮೊಂಡು ಹಿಡಿದಾಗ ಅಕ್ಕ ಹಿಂಡಿ ಬಸ್ಸು ಹತ್ತಿಸಿದ್ದು ಇದೇ ಕಿವಿ, ಹತ್ತಿಸಿ, ನೋಯ್ತಾ ಎಂದು ಸವರಿದ್ದೂ ಇದನ್ನೇ. ಹೆಂಡತಿ ಹಾಳೆಯನ್ನು ತುಟಿಯ ಹತ್ತಿರ ತಂದು, ಅವನಿಗಲ್ಲ, ಆ ಕಿವಿಗೆ, ಪಿಸುಗುಟ್ಟಿದಳು, ಇನ್ಮೇಲೆ ನಾನು ನನ್ನ ಪಾಳಿ ಮಾತ್ರ ಮಾಡ್ತೀನಿ, ಆಮೇಲೆ ಮಲಗ್ತೀನಿ, ಕೇಳಿಸ್ತಾ — ಅವಳ ಉಸಿರಿಗೆ ಹಾಳೆ ಮಸುಕಾಯಿತು, ತಿಳಿಯಾಯಿತು, ಕಿವಿ ಅಲ್ಲೇ, ಮತ್ತೆ ಮಸುಕಾಯಿತು, ಮತ್ತೆ ತಿಳಿಯಾಯಿತು, ಕಿವಿ.