ಹೊಸ ಪಾಸ್‌ವರ್ಡ್, ಖಾಲಿ ಸರ್ವರ್

ಸೋಮವಾರ ಬೆಳಿಗ್ಗೆ ಮಗುವಿನ ಕಿವಿಯ ಯಂತ್ರ ನೀರಿಗೆ ಬಿದ್ದು ಕೆಟ್ಟಿತು. ಅದೇ ಮಧ್ಯಾಹ್ನ ಶ್ರವಣ ಕೇಂದ್ರದಲ್ಲಿ ಸರ್ವರ್‌ನ ಪಾಸ್‌ವರ್ಡ್ ಮರೆತಿರುವುದು ಗೊತ್ತಾಯಿತು. ಮಂಗಳವಾರ ಮರೆತದ್ದನ್ನು ಮುಚ್ಚಿಡಲಾಯಿತು. ಬುಧವಾರ ಸರ್ವರ್ ಅನ್ನು ಅಳಿಸಿ ಹೊಸದಾಗಿ ಹಾಕಲಾಯಿತು. ತಿಳಿದವನನ್ನು ಕರೆದದ್ದು ಗುರುವಾರ. ತಪ್ಪು ಇರುವುದು ಈ ಕ್ರಮದಲ್ಲಿಯೇ.

ಮಗುವಿಗೆ ಐದು ವರ್ಷ. ಹುಟ್ಟಿನಿಂದ ಕಿವಿ ಕೇಳದು. ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಯಲ್ಲಿ ಒಂದು ಸಾಧನ ಕೂರಿಸಿದ್ದರು. ಕಿವಿಯ ಹಿಂದೆ ಸಿಕ್ಕಿಸುವ ಯಂತ್ರ ಅದಕ್ಕೆ ಶಬ್ದವನ್ನು ಕಳಿಸುತ್ತಿತ್ತು. ಯಾವ ಸ್ವರ ಎಷ್ಟು ಜೋರಾಗಿರಬೇಕು ಎಂಬ ಅಳತೆಗಳನ್ನು ಎರಡು ವರ್ಷ ಸ್ವಲ್ಪಸ್ವಲ್ಪವಾಗಿ ಸರಿಪಡಿಸಿ, ಕೇಂದ್ರದ ಸರ್ವರ್‌ನಲ್ಲಿ ಉಳಿಸಲಾಗಿತ್ತು. ಅವನ್ನು ಹೊಸ ಯಂತ್ರಕ್ಕೆ ತುಂಬಿದರೆ ಮಗುವಿಗೆ ಅಂದೇ ಮೊದಲಿನಂತೆ ಕೇಳುತ್ತಿತ್ತು.

ಕೇಂದ್ರವನ್ನು ನಡೆಸುತ್ತಿದ್ದವರು ದಂಪತಿ. ಹೆಂಡತಿ ಕಿವಿಯ ತಜ್ಞೆ, ಗಂಡ ಮೇಲ್ವಿಚಾರಕ. ಪರೀಕ್ಷಾ ಕೊಠಡಿಯಲ್ಲಿದ್ದ ಒಂದೇ ಕಂಪ್ಯೂಟರ್ ಹಾಳಾಗಿ ಹೊಸದು ಬಂದಿತ್ತು. ಅದನ್ನು ಸರ್ವರ್‌ಗೆ ಜೋಡಿಸಲು ನಿರ್ವಾಹಕರ ಪಾಸ್‌ವರ್ಡ್ ಬೇಕು. ಮೇಲ್ವಿಚಾರಕರು ಅದನ್ನು ಹಿಂದಿನ ತಿಂಗಳಷ್ಟೇ ಬದಲಾಯಿಸಿದ್ದರು, ಯಾರಿಗೂ ಹೇಳಿರಲಿಲ್ಲ.

“ರೀ, ಎಷ್ಟು ಸಲ ಹಾಕ್ತೀರಾ? ಯಾವುದೂ ಒಪ್ತಿಲ್ಲ.”

“ನೀನು ಹೀಗೆ ಪಕ್ಕದಲ್ಲಿ ನಿಂತ್ರೆ ನನಗೆ ನನ್ನ ಹೆಸರೇ ನೆನಪಾಗಲ್ಲ.”

“ನನ್ನ ತಮ್ಮನಿಗೆ ಫೋನ್ ಮಾಡ್ಲಾ? ಅವನ ದಿನನಿತ್ಯದ ಕೆಲಸಾನೇ ಇದು.”

“ಅವನಿಗಾ? ಆಮೇಲೆ ಮನೆಗೆ ಬಂದಾಗಲೆಲ್ಲ ‘ಭಾವ, ಊಟ ಮಾಡೋದು ನೆನಪಿದೆಯಾ’ ಅಂತ ಹಲ್ಲು ಕಿರೀತಾನೆ. ಬೇಡ. ನಾನೇ ನೋಡ್ಕೋತೀನಿ.”

ಮಂಗಳವಾರ ಮಗುವಿನ ತಾಯಿ ಹೊಸ ಯಂತ್ರದೊಂದಿಗೆ ಬಂದರು. ಅವರು ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಅರ್ಧ ದಿನದ ರಜೆ ಕೇಳಿಕೊಂಡಿದ್ದರು.

“ಸರ್ವರ್ ರಿಪೇರಿ ಇದೆಯಮ್ಮ, ನಾಡಿದ್ದು ಬನ್ನಿ” ಎಂದರು ಮೇಲ್ವಿಚಾರಕರು.

“ಸಾರ್, ನಿನ್ನೆಯಿಂದ ಇವಳು ಬಾಯೇ ಬಿಟ್ಟಿಲ್ಲ. ಹಿಂದೆ ಲಾರಿ ಹಾರ್ನ್ ಹೊಡೆದ್ರೂ ರಸ್ತೆ ಮಧ್ಯೆ ನಿಂತೇ ಇರ್ತಾಳೆ.”

“ಎರಡು ದಿನ ತಾನೇ? ಸ್ವಲ್ಪ ತಡ್ಕೊಳ್ಳಿ.”

ಬುಧವಾರ ಪರಿಚಯದವರೊಬ್ಬರು ಫೋನಿನಲ್ಲಿ ಉಪಾಯ ಹೇಳಿದರು: ಸರ್ವರ್ ತಂತ್ರಾಂಶವನ್ನು ತೆಗೆದುಹಾಕಿ ಮತ್ತೆ ಹಾಕಿದರೆ ಹೊಸ ಪಾಸ್‌ವರ್ಡ್ ಕೊಡಿ ಎಂದು ಅದೇ ಕೇಳುತ್ತದೆ.

“ಒಳಗಿರೋದೆಲ್ಲ ಹೋಗಲ್ವಾ?” ಎಂದು ಹೆಂಡತಿ ಕೇಳಿದರು.

“ಬ್ಯಾಕಪ್ ಇದೆ ಕಣೇ. ದಿನಾ ತಾನಾಗೇ ಆಗುತ್ತೆ. ನೀನು ಕಿವಿ ನೋಡು, ಇದನ್ನ ನನಗೆ ಬಿಡು.”

ಹಳೆಯ ಡೇಟಾದ ಫೋಲ್ಡರನ್ನೂ ಅಳಿಸಬೇಕೇ ಎಂದು ಪರದೆ ಕೇಳಿತು. ಅವರು ‘ಹೌದು’ ಒತ್ತಿದರು. ಹೊಸ ಪಾಸ್‌ವರ್ಡ್ ಒಂದೇ ಸಲಕ್ಕೆ ಒಪ್ಪಿತು.

“ನೋಡಿದ್ಯಾ? ಇದಕ್ಕೆ ನಿನ್ನ ತಮ್ಮ ಬೇಕಿತ್ತಾ?”

ಹೆಂಡತಿ ಮಗುವಿನ ನೋಂದಣಿ ಸಂಖ್ಯೆ ಹಾಕಿದರು. ಏನೂ ಬರಲಿಲ್ಲ. ಬೇರೊಂದು ಮಗುವಿನದು ಹಾಕಿದರು. ಅದೂ ಇಲ್ಲ. ದಿನವೂ ತಾನಾಗೇ ಆಗುತ್ತಿದ್ದ ಬ್ಯಾಕಪ್ ಅದೇ ಫೋಲ್ಡರಿನೊಳಗಿತ್ತು.

ಗುರುವಾರ ಹೆಂಡತಿಯ ತಮ್ಮ ಬಂದ. ಬಹಳ ಹೊತ್ತು ಸರ್ವರ್ ಮುಂದೆ ಕುಳಿತ. ಹಲ್ಲು ಕಿರಿಯಲಿಲ್ಲ.

“ಭಾವ, ಪಾಸ್‌ವರ್ಡ್ ಮರೆತ್ರೆ ಹಳೇದನ್ನ ಹುಡುಕೋದೇ ಬೇಡ. ಹೊಸದು ಹಾಕ್ಬಹುದು. ಡೇಟಾದ ಕೂದಲೂ ಕೊಂಕಲ್ಲ.”

“ಹಾಗಾದ್ರೆ ಯಾರು ಬೇಕಾದ್ರೂ ಹಾಕ್ಬಹುದಲ್ಲ?”

“ಆ ಸರ್ವರ್ ಕಂಪ್ಯೂಟರ್ ಮೇಲೆ ಪೂರ್ತಿ ಅಧಿಕಾರ ಇರೋರು ಮಾತ್ರ. ಸರ್ವರ್ ನಿಲ್ಲಿಸಿ, ಡೇಟಾನ ಬೇರೆ ಡ್ರೈವ್‌ಗೆ ನಕಲು ಮಾಡ್ಬೇಕು. ನೆಟ್‌ವರ್ಕ್ ಕೇಬಲ್ ಕೀಳಬೇಕು. ಪಾಸ್‌ವರ್ಡ್ ಕೇಳದ ಹಾಗೆ ಶುರು ಮಾಡಿ, ಹೊಸದು ಕೊಟ್ಟು, ಮತ್ತೆ ಮಾಮೂಲಿ ಥರ ಶುರು ಮಾಡಿದ್ರೆ ಮುಗೀತು.”

“ಕೇಬಲ್ ಯಾಕೆ?”

“ಅಷ್ಟು ಹೊತ್ತು ಬೀಗ ಇರಲ್ವಲ್ಲ. ಹೊರಗಿಂದ ಯಾರೂ ನುಗ್ಗಬಾರ್ದು.”

“ಅಳಿಸಿದ್ದನ್ನ ವಾಪಸ್ ತರೋಕಾಗಲ್ವೇನೋ?”

“ಅದರ ಮೇಲೇ ಹೊಸದು ಬರೆದಾಗಿದೆ. ಸಿಕ್ಕಿದ್ದೆಲ್ಲ ಚೂರುಪಾರು, ಕೆಲಸಕ್ಕೆ ಬರಲ್ಲ. ಸೋಮವಾರನೇ ಒಂದು ಫೋನ್ ಮಾಡಬಾರ್ದಿತ್ತಾ ಭಾವ?”

“ನೀನು ನಗ್ತಿದ್ದೆ.”

“ನಗ್ತಿದ್ದೆ. ನಕ್ಕು, ಬಂದು ಮಾಡಿಕೊಡ್ತಿದ್ದೆ.”

ಮೇಲ್ವಿಚಾರಕರು ಹೆಂಡತಿಯ ಹಿಂದೆ ಹೊರಗೆ ಬಂದರು. ಹೊರಗೆ ಬೆಂಚಿನ ಮೇಲೆ ಮಗುವನ್ನು ಕೂರಿಸಿಕೊಂಡಿದ್ದ ತಾಯಿಗೆ ಹೆಂಡತಿಯೇ ವಿಷಯ ತಿಳಿಸಿದರು. ಅಳತೆಗಳನ್ನು ಮತ್ತೆ ಮೊದಲಿನಿಂದ ಕಟ್ಟಬೇಕು, ಒಮ್ಮೆಗೇ ಜೋರು ಮಾಡಿದರೆ ಮಗು ಹೆದರಿ ಯಂತ್ರವನ್ನೇ ಕಿತ್ತೆಸೆಯುತ್ತದೆ, ತಿಂಗಳುಗಳು ಹಿಡಿಯುತ್ತವೆ.

ತಾಯಿ ಮೇಲ್ವಿಚಾರಕರತ್ತ ತಿರುಗಿದರು. “ನಿಮ್ಮ ಪಾಸ್‌ವರ್ಡ್ ನಿಮಗೆ ಸಿಕ್ತಾ ಸಾರ್?”

ಅವರು ಹೌದೆಂದು ತಲೆಯಾಡಿಸಿದರು.

“ಒಳ್ಳೇದಾಯ್ತು ಬಿಡಿ.”

ಆಸ್ಪತ್ರೆ, ಶಾಲೆ, ಸಂಘ, ಅಂಗಡಿ, ಎಲ್ಲಿಯೇ ಆಗಲಿ, ಇತರರ ಮಾಹಿತಿಯನ್ನು ಕಾಪಾಡುವ ಹೊಣೆ ಹೊತ್ತಿರುವ ನೀವು ಇಷ್ಟನ್ನು ಇಂದೇ ಮಾಡಿರಿ. ನಿರ್ವಾಹಕರ ಪಾಸ್‌ವರ್ಡ್ ಜವಾಬ್ದಾರಿಯುತರಾದ ಇಬ್ಬರಿಗಾದರೂ ಸಿಗುವಂತೆ ಭದ್ರವಾಗಿಡಿರಿ. ಬ್ಯಾಕಪ್ ಸರ್ವರ್‌ನಿಂದ ಹೊರಗೆ, ಬೇರೆ ಡ್ರೈವಿನಲ್ಲಿ ಇರಲಿ. ಅದು ನಿಜವಾಗಿ ತೆರೆಯುತ್ತದೆಯೇ ಎಂದು ಆಗಾಗ ತೆರೆದು ನೋಡಿರಿ. ಪಾಸ್‌ವರ್ಡ್ ಮರೆತರೆ ಯಾವುದನ್ನೂ ಅಳಿಸಬೇಡಿರಿ, ಮರೆತೆನೆಂದು ಹೇಳಲು ನಾಚಬೇಡಿರಿ, ತಿಳಿದವರನ್ನು ಮೊದಲ ದಿನವೇ ಕರೆಯಿರಿ. ನಿಮ್ಮ ಮುಜುಗರ ಒಂದು ಸಂಜೆಗೆ ಮುಗಿಯುತ್ತದೆ; ಅಳಿಸಿದ್ದು ಮರಳದು.

ಶುಕ್ರವಾರ ಹೊಸ ಯಂತ್ರವನ್ನು ಅತ್ಯಂತ ಕೆಳಗಿನ ಮಟ್ಟದಿಂದ ಆರಂಭಿಸಿ ಪರೀಕ್ಷಿಸಲಾಯಿತು. ಫಲಿತಾಂಶ: ತಾಯಿ ಬೆನ್ನ ಹಿಂದೆ ನಿಂತು ಕರೆದಾಗ ಮಗು ತಿರುಗಿ ನೋಡಲಿಲ್ಲ.