ಅಕ್ಕ ಹೇಳಿಕೊಟ್ಟ ಪೈ

ಆರು ವರ್ಷದಿಂದ ನಾನು ಮಾಡುವ ಸೇಬಿನ ಪೈಗೆ, ಅದರ ಹಿಟ್ಟಿನ ಹೊದಿಕೆ ಅಷ್ಟು ಗಟ್ಟಿ ಎಂದು, ಮನೆಮಂದಿ ಇಟ್ಟ ಹೆಸರು ‘ಹೆಂಚು’. ತಟ್ಟೆ ತಂದಿಟ್ಟರೆ ಸಾಕು, ಭಾವ ಶುರುಮಾಡುತ್ತಿದ್ದರು: “ಹೆಂಚು ಬಂತು, ಇನ್ನು ಎಂಥಾ ಮಳೆಗೂ ಮನೆ ಸೋರಲ್ಲ ಬಿಡಿ!” ನಾನು ಮಾತ್ರ ಅಕ್ಕ ಹೇಳಿಕೊಟ್ಟ ಹಾಗೆಯೇ ಬೆಣ್ಣೆಯನ್ನು ಚೆನ್ನಾಗಿ ಕರಗಿಸಿ, ಹಿಟ್ಟಿಗೆ ಸುರಿದು, ಕೈ ಸೋಲುವವರೆಗೂ ನಾದುತ್ತಿದ್ದೆ. ಅಕ್ಕನ ಪೈ ಹಗುರಾಗಿ, ಪದರಪದರವಾಗಿ ಬರುತ್ತಿದ್ದುದರಿಂದ, ನನ್ನ ಕೈಗುಣವೇ ಸರಿಯಿಲ್ಲವೆಂದು ನಂಬಿಬಿಟ್ಟಿದ್ದೆ.

ಈ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಎರಡು ಗಂಟೆ ಮೊದಲೇ ಹೋದೆ. ಅಡುಗೆಮನೆಗೆ ಕಾಲಿಟ್ಟರೆ, ಅಕ್ಕ ಫ್ರಿಜ್ಜಿನಿಂದ ಕಲ್ಲಿನಂಥ ಬೆಣ್ಣೆ ತೆಗೆದು, ತುಂಡು ಮಾಡಿ, ಬೆರಳ ತುದಿಯಿಂದ ಹಿಟ್ಟಿಗೆ ಮೆಲ್ಲಗೆ ಉಜ್ಜುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. “ಕರಗಿಸ್ಬೇಕು ಅಂದಿದ್ದೆಯಲ್ಲ ಅಕ್ಕ?”

ಅವಳ ಮುಖ ಬಿಳಿಚಿಕೊಂಡಿತು. ಆಮೇಲೆ ಏನೂ ಆಗದವಳಂತೆ, “ಅಯ್ಯೋ, ಒಂದು ಪೈಗೆ ಇಷ್ಟು ಸಿಟ್ಟಾ? ಓದು, ಕೆಲಸ, ಎಲ್ಲದ್ರಲ್ಲೂ ನೀನೇ ಮುಂದೆ. ಇದೊಂದಾದ್ರೂ ನಂದಾಗಿರ್ಲಿ ಬಿಡೇ” ಅಂದಳು.

“ಆರು ವರ್ಷ ಎಲ್ರ ಮುಂದೆ ನಗೆಪಾಟಲಾದೆ. ಜೊತೆಗೆ ನೀನೂ ನಕ್ಕೆ!”

ಕಟ್ಟೆಯ ಮೇಲೆ ಉಳಿದಿದ್ದ ಬೆಣ್ಣೆಯನ್ನೆಲ್ಲ ಬಾಣಲೆಗೆ ಹಾಕಿ ಒಲೆ ಹಚ್ಚಿದೆ. ಕರಗಿದ್ದನ್ನು ಅವಳ ಹಿಟ್ಟಿಗೆ ಸುರಿದು, ತೋಳು ಮೇಲೇರಿಸಿ ನಾದತೊಡಗಿದೆ.

“ಏನ್ ಮಾಡ್ತಿದೀಯೇ? ಊಟಕ್ಕೆ ಎಲ್ರೂ ಬರ್ತಾರೆ ಕಣೇ!”

“ಬರ್ಲಿ. ನೀನು ಹೇಳ್ಕೊಟ್ಟ ಹಾಗೇ ಮಾಡ್ತಿದೀನಿ.”